ಜಾಜಿಕಾಯಿ ನಾಡಿನ ಹುಡುಗ ಪುಣೆಗೆ ಬಂದಾಗ

ಬೆಳಗಾವಿ ಜಿಲ್ಲೆಯಲ್ಲಿ ನಾಗನೂರ ಎಂಬ ಹೆಸರಿನ ಊರು ಒಂದೇ ಅಲ್ಲ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ನಾಗನೂರ ಒಂದಾದರೆ, ಹುಕ್ಕೇರಿ ತಾಲೂಕಿನಲ್ಲೂ ಅದೇ ಹೆಸರು ಹೊತ್ತ ಹಳ್ಳಿಗಳಿವೆ. ಬಸ್ಸಿನಲ್ಲಿ ಕುಳಿತು ‘ನಾಗನೂರ ಒಂದು ಕೊಡ್ರಿ’ ಎಂದರೆ ‘ಯಾವ ನಾಗನೂರ್ರೀ?’ ಎಂದು ಕಂಡಕ್ಟರು ಕೇಳುವುದು ಸಹಜವೇ. ಹೆಸರಿನಂತೆ ಬದುಕಿನಲ್ಲೂ ಈ ಊರುಗಳಿಗೆ ಹೋಲಿಕೆ ಹೆಚ್ಚು. ಘಟಪ್ರಭೆಯ ಸೀಮೆ. ಕಬ್ಬು, ಗೋವಿನಜೋಳ, ಎಮ್ಮೆ, ಹೈನು. ಕಾರ್ಖಾನೆಗಳು ಕಬ್ಬು ನುರಿಸುವ ದಿನಗಳಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ರಸ್ತೆಯ ತುಂಬ ಸಾಗುತ್ತವೆ.

ಜಾತ್ರೆ ಬಂತೆಂದರೆ ಈ ಭಾಗದಲ್ಲಿ ಶರ್ಯತ್ತಿಗೆ ಬರವಿಲ್ಲ. ಎತ್ತಿನ ಗಾಡಿಯ ಶರ್ಯತ್ತು, ಸೈಕಲ್ ಶರ್ಯತ್ತು, ಸಂಗ್ರಾಣಿ ಕಲ್ಲು ಎತ್ತುವುದು, ಕಡೆಗೆ ಜಂಗೀ ನಿಕಾಲಿ ಕುಸ್ತಿ. ಗೆದ್ದವನಿಗೆ ರೊಕ್ಕ, ರುಮಾಲು. ಪುಣ್ಯವಿದ್ದರೆ ಬೆಳ್ಳಿಯ ಕಡಗ. ಮೈಯ ಕಸುವನ್ನು ಮೆಚ್ಚುವ ಜನ ಇವರು. ಮಗ ಕಲ್ಲು ಎತ್ತಿದರೆ ಅಪ್ಪ ಹಿಗ್ಗುತ್ತಾನೆ. ಅದೇ ಮಗ ಹತ್ತನೆಯ ಇಯತ್ತೆಯಲ್ಲಿದ್ದು, ಓಟದ ಅಭ್ಯಾಸಕ್ಕೆಂದು ಟ್ಯೂಶನ್ ತಪ್ಪಿಸಿದರೆ ಮಾತ್ರ ಮನೆಯಲ್ಲಿ ಬೇರೆಯೇ ಮಾತು ಶುರುವಾಗುತ್ತದೆ. ‘ಓಡಿ ಏನ್ ಮಾಡ್ತೀಯೋ?’ ಎಂಬ ಪ್ರಶ್ನೆ ಕೇಳದ ಮನೆ ಈ ಸೀಮೆಯಲ್ಲಿ ಕಡಿಮೆ. ಕೇಳುವವರ ತಪ್ಪೇನೂ ಇಲ್ಲ. ಪ್ರಶ್ನೆ ನಿಜವಾದದ್ದೇ.

ಅದೇ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ದಾರಿ ಹಿಡಿಯಬಹುದು. ಮೂಡಲಗಿ ಕಡೆಯಿಂದ ಘಟಪ್ರಭಾ, ಹುಕ್ಕೇರಿ ದಾಟಿ ಸಂಕೇಶ್ವರ ಮುಟ್ಟಿದರೆ ಬೆಂಗಳೂರು–ಪುಣೆ ಹೆದ್ದಾರಿ ಸಿಗುತ್ತದೆ. ಉತ್ತರಕ್ಕೆ ಹೊರಳಿದರೆ ನಿಪ್ಪಾಣಿ. ಗಡಿ ದಾಟಿದರೆ ಕಾಗಲ, ಕೊಲ್ಹಾಪುರ. ಈ ದಾರಿ ಗಡಿಭಾಗದ ಪೈಲವಾನರಿಗೆ ಹೊಸದಲ್ಲ. ಹುಕ್ಕೇರಿ, ಚಿಕ್ಕೋಡಿ, ಗೋಕಾಕ ಕಡೆಯ ಎಷ್ಟೋ ಹುಡುಗರು ಹಾಲು, ತುಪ್ಪ, ಬಾದಾಮಿಯ ಗಂಟು ಹೊತ್ತು ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ಮಣ್ಣು ಮೈಗೆ ಹತ್ತಿಸಿಕೊಂಡವರು. ಶಾಹೂ ಮಹಾರಾಜರ ಕಾಲದಲ್ಲಿ ಕಟ್ಟಿದ ಖಾಸಬಾಗ ಮೈದಾನದ ಹೆಸರು ಕೇಳಿದರೆ ಇಂದಿಗೂ ಹಿರಿಯರ ಕಣ್ಣು ಹೊಳೆಯುತ್ತದೆ. ಮುಂದೆ ಕರಾಡ, ಸಾತಾರಾ, ಖಂಬಾಟಕಿ ಘಾಟು. ಸಂಕೇಶ್ವರದಿಂದ ಹೆಚ್ಚು ಕಡಿಮೆ ಮುನ್ನೂರು ಕಿ.ಮೀ. ಕಳೆದ ಮೇಲೆ, ಪುಣೆಯ ಹೊರವಲಯದಲ್ಲಿ, ಇದೇ ಹೆದ್ದಾರಿಯ ಮಗ್ಗುಲಲ್ಲೇ ದೊಡ್ಡದೊಂದು ಕ್ರೀಡಾ ಸಂಕೀರ್ಣ ಕಾಣುತ್ತದೆ. ಅದು ಬಾಲೇವಾಡಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. ಹೆಸರು ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣ. ಮುಂಬಯಿಗೆ ಹೋಗುವ ನಮ್ಮ ಬಸ್ಸುಗಳಲ್ಲಿ ಕುಳಿತವರು ನಿದ್ದೆಗಣ್ಣಿನಲ್ಲಿ ಅದನ್ನು ದಾಟಿ ಹೋಗುತ್ತಾರೆ.

2008ರ ಅಕ್ಟೋಬರ್ 12ರಿಂದ 18ರವರೆಗೆ ಅಲ್ಲಿ ಮೂರನೆಯ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆಯಿತು. ಮೊದಲ ಎರಡು ಕೂಟಗಳು 2000ದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ, 2004ರಲ್ಲಿ ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಆಗಿದ್ದವು. ದೆಹಲಿಯ 2010ರ ದೊಡ್ಡ ಕೂಟಕ್ಕೆ ಮುಂಚೆ ಭಾರತಕ್ಕೆ ಇದೊಂದು ತಾಲೀಮು. 71 ತಂಡಗಳು, ಹದಿನೆಂಟು ದಾಟದ ಸುಮಾರು 1,300 ಹುಡುಗ ಹುಡುಗಿಯರು, ಒಂಬತ್ತು ಆಟಗಳು. ಓಟ, ಜಿಗಿತ, ಈಜು, ಭಾರ ಎತ್ತುವುದು ಇದ್ದವು. ಕುಸ್ತಿಯೂ ಇತ್ತು, ಆದರೆ ಮಣ್ಣಿನ ಮೇಲಲ್ಲ, ಮ್ಯಾಟಿನ ಮೇಲೆ. ಆತಿಥೇಯ ಭಾರತ 33 ಚಿನ್ನ ಗೆದ್ದು ಪದಕಪಟ್ಟಿಯ ತಲೆಯ ಮೇಲೆ ಕುಳಿತಿತು. ಮರುದಿನದ ಪತ್ರಿಕೆಗಳು ಸಹಜವಾಗಿಯೇ ಅದನ್ನು ಕೊಂಡಾಡಿದವು.

ಪಟ್ಟಿಯ ಕೆಳಗಿನ ಸಾಲುಗಳನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಆ ಸಾಲುಗಳಲ್ಲಿ ಗ್ರೆನಡಾ ಎಂಬ ಹೆಸರಿತ್ತು. ಹುಡುಗರ 400 ಮೀಟರ್ ಓಟದಲ್ಲಿ ಆ ನಾಡಿನ ಕಿರಾನಿ ಜೇಮ್ಸ್ ಎಂಬ ಹುಡುಗ 46.66 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದಿದ್ದ. ಆಗ ಅವನಿಗೆ ಹದಿನಾರು ತುಂಬಿ ಒಂದೂವರೆ ತಿಂಗಳಾಗಿತ್ತು, ಅಷ್ಟೇ. ನಮ್ಮ ಲೆಕ್ಕದಲ್ಲಿ ಕಾಲೇಜಿನ ಮೊದಲ ವರ್ಷದ ಹುಡುಗ.

ಗ್ರೆನಡಾ ಎಲ್ಲಿದೆ? ಅಟ್ಲಾಸಿನಲ್ಲಿ ಹುಡುಕುವವರು ದಕ್ಷಿಣ ಅಮೆರಿಕದ ವೆನೆಜುವೆಲಾದ ಉತ್ತರಕ್ಕೆ, ಕೆರಿಬಿಯನ್ ಸಮುದ್ರದ ಅಂಚಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡಬೇಕು. ಕ್ರಿಕೆಟ್ ಬಲ್ಲ ಹುಡುಗರಿಗೆ ‘ವೆಸ್ಟ್ ಇಂಡೀಸ್’ ಎಂದರೆ ಬೇಗ ತಿಳಿದೀತು. ಆ ತಂಡಕ್ಕೆ ಆಟಗಾರರನ್ನು ಕೊಡುವ ದ್ವೀಪಗಳಲ್ಲಿ ಇದೂ ಒಂದು. ಗ್ರೆನಡಾ, ಕರಿಯಾಕು, ಪೆಟೀಟ್ ಮಾರ್ಟಿನೀಕ್ ಎಂಬ ಮೂರು ಜನವಸತಿಯ ದ್ವೀಪಗಳು ಸೇರಿ ಈ ದೇಶ. ಬ್ರಿಟಿಷರಿಂದ ಸ್ವತಂತ್ರವಾದದ್ದು 1974ರ ಫೆಬ್ರುವರಿ 7ರಂದು. ವಿಸ್ತೀರ್ಣ 344 ಚದರ ಕಿ.ಮೀ.; ಜನಸಂಖ್ಯೆ ಒಂದು ಲಕ್ಷದ ಮೇಲೆ ಹತ್ತಿಪ್ಪತ್ತು ಸಾವಿರ. ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13 ಸಾವಿರ ಚದರ ಕಿ.ಮೀ.ಗೂ ಹೆಚ್ಚು, 2011ರ ಜನಗಣತಿಯಂತೆ ಜನಸಂಖ್ಯೆ 47 ಲಕ್ಷ 79 ಸಾವಿರ. ಎಂದರೆ ನೆಲದ ಲೆಕ್ಕದಲ್ಲೂ ತಲೆಯ ಲೆಕ್ಕದಲ್ಲೂ ನಮ್ಮ ಒಂದು ಜಿಲ್ಲೆ ಸುಮಾರು ನಲವತ್ತು ಗ್ರೆನಡಾಗಳಿಗೆ ಸಮ. ಗೋಕಾಕ ಪಟ್ಟಣದೊಂದಿಗೆ ಸುತ್ತಲಿನ ನಾಲ್ಕಾರು ದೊಡ್ಡ ಹಳ್ಳಿಗಳನ್ನು ಕೂಡಿಸಿದರೆ ಅಲ್ಲಿಯ ಇಡೀ ದೇಶದ ಜನ ಆದೀತು.

ಆ ದೇಶದ ಬಾವುಟದಲ್ಲಿ ಒಂದು ಕಾಯಿಯ ಚಿತ್ರವಿದೆ. ನಮ್ಮ ಮನೆಗಳಲ್ಲಿ ಹೋಳಿಗೆಯ ಹೂರಣಕ್ಕೆ ತುರಿದು ಹಾಕುವ, ಕೂಸಿಗೆ ತೇಯ್ದು ನೆಕ್ಕಿಸುವ ಜಾಜಿಕಾಯಿ ಅದು. ಜಾಜಿಕಾಯಿಯ ತವರು ಇಂಡೋನೇಷ್ಯಾದ ಬಾಂಡಾ ದ್ವೀಪಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಗ್ರೆನಡಾ ಸೇರಿ, ಅಲ್ಲಿನ ಬೆಟ್ಟದ ತಪ್ಪಲುಗಳಲ್ಲಿ ಚೆನ್ನಾಗಿ ಬೇರುಬಿಟ್ಟಿತು. ಜಾಜಿಕಾಯಿ ಬೆಳೆಯುವಲ್ಲಿ ಈ ಪುಟ್ಟ ನಾಡು ಜಗತ್ತಿನಲ್ಲಿ ಇಂಡೋನೇಷ್ಯಾದ ನಂತರದ ಸ್ಥಾನ ಪಡೆದಿದ್ದ ಕಾಲವಿತ್ತು. ಇನ್ನೊಂದು ಸಂಬಂಧವನ್ನೂ ಇಲ್ಲಿ ನೆನೆಯಬೇಕು. ಗುಲಾಮಗಿರಿ ಕೊನೆಗೊಂಡ ಮೇಲೆ, 1857ರಿಂದ, ತೋಟಗಳ ಕೆಲಸಕ್ಕೆಂದು ಕರಾರಿನ ಮೇಲೆ ಭಾರತೀಯ ಕೂಲಿಗಳನ್ನು ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ್ದರು. ಅವರ ಮಕ್ಕಳು ಮರಿಮಕ್ಕಳು ಈಗಲೂ ಅಲ್ಲಿದ್ದಾರೆ.

ಕಿರಾನಿಯ ಊರು ಗೂಯಾವ್. ಪಶ್ಚಿಮ ದಂಡೆಯ ಮೀನುಗಾರರ ಊರು. ಒಂದು ಬದಿಗೆ ಸಮುದ್ರ, ದೋಣಿ, ಬಲೆ; ಇನ್ನೊಂದು ಬದಿಗೆ ಜಾಜಿಕಾಯಿ ಒಣಗಿಸಿ, ಒಡೆದು, ಆರಿಸಿ, ಚೀಲಕ್ಕೆ ತುಂಬುವ ದೊಡ್ಡ ಕಣಜದಂಥ ಕಟ್ಟಡ. ಸಂಕೇಶ್ವರ, ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು, ಮೆಣಸಿನಕಾಯಿಯ ಘಾಟು ಮೂಗಿಗೆ ಅಡರುವಂತೆ ಅಲ್ಲಿ ಜಾಜಿಕಾಯಿಯ ಘಮ.

ಆ ಹುಡುಗನಿಗೆ ಹನ್ನೆರಡು ತುಂಬಿದ ವಾರದಲ್ಲೇ, 2004ರ ಸೆಪ್ಟೆಂಬರ್ 7ರಂದು, ‘ಐವಾನ್’ ಎಂಬ ಚಂಡಮಾರುತ ಗ್ರೆನಡಾವನ್ನು ಹೊಡೆಯಿತು. 39 ಜನ ಸತ್ತರು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟು ಬಿತ್ತು. ರಾಷ್ಟ್ರೀಯ ಕ್ರೀಡಾಂಗಣವೇ ಹಾಳಾಯಿತು. ಜಾಜಿಕಾಯಿಯ ಮರಗಳು ಬುಡಸಹಿತ ಉರುಳಿದವು. ಜಾಜಿಕಾಯಿ ಕಬ್ಬಿನಂತೆ ಅಲ್ಲ, ಈ ವರ್ಷ ಹೋದರೆ ಮುಂದಿನ ವರ್ಷಕ್ಕೆ ಬರುವುದಿಲ್ಲ. ಸಸಿ ನೆಟ್ಟು ಏಳೆಂಟು ವರ್ಷ ಕಾಯಬೇಕು. ಪ್ರವಾಹದ ನೀರಿನಲ್ಲಿ ಮನೆ, ಪೈರು ಕಳೆದುಕೊಂಡ ಘಟಪ್ರಭೆಯ ದಂಡೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆ ಚಂಡಮಾರುತ ಕಳೆದು ಮೂರು ವರ್ಷಕ್ಕೆ, 2007ರಲ್ಲಿ, ಹದಿನಾಲ್ಕರ ಕಿರಾನಿ ವಿಶ್ವ ಯುವ ಅಥ್ಲೆಟಿಕ್ಸ್‌ನಲ್ಲಿ ತನಗಿಂತ ದೊಡ್ಡವರ ನಡುವೆ ಓಡಿ 400 ಮೀ.ನಲ್ಲಿ ಬೆಳ್ಳಿ ಗೆದ್ದ. ಮರುವರ್ಷ ಪುಣೆ.

ಇಷ್ಟು ಸಣ್ಣ ನಾಡು ಇಂಥ ಹುಡುಗನನ್ನು ಕಂಡುಹಿಡಿದದ್ದು ಹೇಗೆ? ವಿಚಾರಿಸಿದರೆ ಅದರಲ್ಲಿ ಮಾಯಮಂತ್ರವೇನೂ ಕಾಣುವುದಿಲ್ಲ. ಅಲ್ಲಿ ವರ್ಷಕ್ಕೊಮ್ಮೆ ದೇಶದ ಪ್ರೌಢಶಾಲೆಗಳೆಲ್ಲ ಸೇರಿ ‘ಇಂಟರ್‌ಕಾಲ್’ ಎಂಬ ಓಟದ ಕೂಟ ನಡೆಸುತ್ತವೆ. ಶಾಲೆ ಶಾಲೆಯ ಬಣ್ಣ ಹಚ್ಚಿಕೊಂಡ ಮಕ್ಕಳು, ಅವರ ತಾಯಿ ತಂದೆ, ಹಳೆಯ ವಿದ್ಯಾರ್ಥಿಗಳು ಕ್ರೀಡಾಂಗಣ ತುಂಬುತ್ತಾರೆ. ಒಂದು ಜಾತ್ರೆಯೇ ಅದು. ಅದರಲ್ಲಿ ಮಿಂಚಿದವರು ಈಸ್ಟರ್ ಹಬ್ಬದ ಹೊತ್ತಿಗೆ ನಡೆಯುವ ‘ಕ್ಯಾರಿಫ್ಟಾ’ ಕೂಟದ ತಂಡಕ್ಕೆ ಬರುತ್ತಾರೆ. 1972ರಿಂದ ನಡೆದು ಬಂದಿರುವ ಈ ಕೂಟದಲ್ಲಿ ಕೆರಿಬಿಯನ್ ದ್ವೀಪಗಳ ಹುಡುಗ ಹುಡುಗಿಯರು ಪರಸ್ಪರ ಸೆಣಸುತ್ತಾರೆ. ಜಮೈಕಾದ ಉಸೇನ್ ಬೋಲ್ಟ್ ಕೂಡ ಅಲ್ಲಿಂದಲೇ ಮೇಲೆದ್ದವನು.

ಅಂದರೆ ಶಾಲೆಯ ಅಂಗಳದಿಂದ ದೇಶದ ಬನಿಯನ್ನಿಗೆ ಎರಡೇ ಮೆಟ್ಟಿಲು. ನಾಗನೂರಿನ ಶಾಲೆಯ ಹುಡುಗನ ಮೆಟ್ಟಿಲುಗಳನ್ನು ಎಣಿಸಿ ನೋಡಿ. ಮೊದಲು ವಲಯ ಮಟ್ಟ. ಅಲ್ಲಿ ಗೆದ್ದರೆ ತಾಲೂಕು. ಆಮೇಲೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಆಮೇಲೆ ಬೆಳಗಾವಿ ವಿಭಾಗ. ಆಮೇಲೆ ರಾಜ್ಯ. ಅದೂ ದಾಟಿದರೆ ರಾಷ್ಟ್ರಮಟ್ಟ. ದೇಶದ ತಂಡವೆಂಬುದು ಅದರ ಆಚೆಗೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಊರು, ಒಂದೊಂದು ಬಸ್ಸು, ಒಬ್ಬ ದೈಹಿಕ ಶಿಕ್ಷಕರ ಪರದಾಟ. ಯಾವುದೋ ಒಂದು ಮೆಟ್ಟಿಲಲ್ಲಿ ಹೊಟ್ಟೆನೋವು ಬಂದರೆ, ಬಸ್ಸು ತಪ್ಪಿದರೆ, ಆ ವರ್ಷ ಮುಗಿಯಿತು. ದೊಡ್ಡ ದೇಶದ ಮಗುವಿಗೆ ದೇಶ ದೂರ. ಸಣ್ಣ ದೇಶದಲ್ಲಿ ಚುರುಕಾಗಿ ಓಡುವ ಹುಡುಗ ಮರೆಯಲ್ಲಿ ಉಳಿಯುವುದೇ ಕಷ್ಟ. ಅವನ ಓಟ ಕಂಡವರಲ್ಲಿ ತಂಡ ಆರಿಸುವವರ ಗುರುತಿನವರು ಯಾರಾದರೂ ಇದ್ದೇ ಇರುತ್ತಾರೆ.

ಹಾಗೆಂದು ‘ಅವರಿಗಾದದ್ದು ನಮಗೇಕಾಗದು’ ಎಂದು ವೇದಿಕೆಯ ಮೇಲೆ ಗುಡುಗುವುದು ಅಷ್ಟು ನ್ಯಾಯವಲ್ಲ. ಗ್ರೆನಡಾ ಮೊದಲ ಬಾರಿ ಒಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ. ಮೊದಲ ಪದಕ ಬರಲು 28 ವರ್ಷ ಬೇಕಾಯಿತು. ಆ ವರ್ಷಗಳಲ್ಲಿ ಓಡಿ, ಸೋತು, ಮನೆಗೆ ಮರಳಿದವರ ಹೆಸರು ಹೊರಗಿನವರಿಗೆ ಗೊತ್ತಿಲ್ಲ.

ಸೆಕೆಂಡುಗಳ ಲೆಕ್ಕ ಹಿಡಿದು ಕಿರಾನಿಯ ಹಿಂದೆ ಹೋದರೆ ಆ ಹುಡುಗನ ದುಡಿಮೆ ಕಣ್ಣಿಗೆ ಕಟ್ಟುತ್ತದೆ. ಪುಣೆಯಲ್ಲಿ 46.66. ಮರುವರ್ಷ, 2009ರಲ್ಲಿ, ಇಟಲಿಯ ಬ್ರಿಕ್ಸೆನ್‌ನಲ್ಲಿ ನಡೆದ ವಿಶ್ವ ಯುವ ಅಥ್ಲೆಟಿಕ್ಸ್‌ನಲ್ಲಿ 45.24; ಅಲ್ಲಿ 200 ಮೀ. ಚಿನ್ನವೂ ಅವನದೇ. ನಮ್ಮ ಮಿಲ್ಖಾ ಸಿಂಗ್ 1960ರಲ್ಲಿ ರೋಮ್‌ನಲ್ಲಿ ನಾಲ್ಕನೆಯವರಾಗಿ ಓಡಿದ ಕಾಲ, ಕೈಗಡಿಯಾರದ ಲೆಕ್ಕದಲ್ಲಿ, 45.6. ಮಿಲ್ಖಾ ಓಡಿದ್ದು ಕಿಟ್ಟದ ಪುಡಿ ಹಾಸಿದ ಹಾದಿಯ ಮೇಲೆ ಎಂಬುದನ್ನು ಮರೆಯುವಂತಿಲ್ಲ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ 44.60, ಹತ್ತೊಂಬತ್ತು ತುಂಬುವ ಎರಡು ದಿನ ಮೊದಲೇ ವಿಶ್ವ ಚಾಂಪಿಯನ್. 2012ರ ಆಗಸ್ಟ್ 6ರ ರಾತ್ರಿ ಲಂಡನ್ ಒಲಿಂಪಿಕ್ಸ್‌ನಲ್ಲಿ 43.94. ಚಿನ್ನ. ಬೆಳ್ಳಿ ಡೊಮಿನಿಕನ್ ರಿಪಬ್ಲಿಕ್‌ಗೆ, ಕಂಚು ಟ್ರಿನಿಡಾಡ್–ಟೊಬ್ಯಾಗೊಗೆ. ಮೂರೂ ಪದಕ ಕೆರಿಬಿಯನ್ ದ್ವೀಪಗಳ ಪಾಲು. ಬಾಲೇವಾಡಿಯಿಂದ ಲಂಡನ್‌ಗೆ ನಾಲ್ಕು ವರ್ಷ, ಕಳೆದದ್ದು ಎರಡು ಸೆಕೆಂಡು ಎಪ್ಪತ್ತೆರಡು ನೂರಾಂಶ. ಜಾಜಿಕಾಯಿ ಸಸಿ ಕಾಯಿ ಬಿಡುವಷ್ಟೂ ಸಮಯ ಅವನಿಗೆ ಬೇಕಾಗಲಿಲ್ಲ.

ಅಲ್ಲಿನ ಸರಕಾರ ಮರುದಿನ ಅರ್ಧ ದಿನ ರಜೆ ಸಾರಿತು. ಆದರೆ ಮಕ್ಕಳಿಗೆ ಹೇಳಬೇಕಾದ ಸಂಗತಿ ನಡೆದದ್ದು ಅದಕ್ಕೂ ಹಿಂದಿನ ದಿನ, ಸೆಮಿಫೈನಲ್ ಮುಗಿದಾಗ. ಎರಡೂ ಕಾಲಿಲ್ಲದೆ ಕೃತಕ ಕಾಲುಗಳ ಮೇಲೆ ಓಡಿದ ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್ ಆ ಓಟದಲ್ಲಿ ಕೊನೆಯವನಾಗಿ ಬಂದ. ಮೊದಲನೆಯವನಾಗಿ ಬಂದ ಕಿರಾನಿ ಸಂಭ್ರಮಿಸುತ್ತ ನಿಲ್ಲದೆ ಅವನ ಬಳಿಗೆ ಹೋಗಿ, ಎದೆಯ ಮೇಲಿನ ಹೆಸರಿನ ಚೀಟಿ ಬದಲಾಯಿಸಿಕೊಳ್ಳೋಣವೆಂದು ಕೇಳಿದ. ಪಿಸ್ಟೋರಿಯಸ್ ಮರುವರ್ಷ ಘೋರ ಅಪರಾಧವೊಂದನ್ನು ಎಸಗಿ ಸೆರೆಮನೆ ಸೇರಿದ್ದು ಬೇರೆಯೇ ಕಥೆ. ಆ ಗಳಿಗೆಯಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ತೋರಿದ ದೊಡ್ಡತನಕ್ಕೆ ಅದರಿಂದ ಕುಂದಿಲ್ಲ.

ಲಂಡನ್‌ವರೆಗಿನ ದಾರಿಯಲ್ಲಿ ಕಿರಾನಿ ಊರು ಬಿಡಬೇಕಾಯಿತು. ದ್ವೀಪದಲ್ಲಿ ಅವನಿಗೆ ಸರಿಸಾಟಿಯಾಗಿ ಓಡುವವರಿರಲಿಲ್ಲ. ಓಟದ ಬಲದಿಂದಲೇ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯ ಸೇರಿದ; ಅಲ್ಲಿ ಕೋಚ್ ಹಾರ್ವಿ ಗ್ಲಾನ್ಸ್ ಕೈಯಲ್ಲಿ ಪಳಗಿದ. ಸಣ್ಣ ನಾಡಿನ ಮಕ್ಕಳಿಗೆ ಮೊದಲ ಎರಡು ಮೆಟ್ಟಿಲು ಸುಲಭ, ಮೂರನೆಯದು ಕಡಲು. ಇದು ನಾಗನೂರಿನವರಿಗೆ ಅರ್ಥವಾಗದ ಮಾತಲ್ಲ. ಮಗನನ್ನು ಕೊಲ್ಹಾಪುರದ ತಾಲೀಮಿಗೆ, ಮಗಳನ್ನು ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಗೋ ಜಿಲ್ಲಾ ಕ್ರೀಡಾ ವಸತಿನಿಲಯಕ್ಕೋ ಬಿಟ್ಟು ಬರುವಾಗ ತಾಯಂದಿರು ಬಸ್ ನಿಲ್ದಾಣದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹುಡುಗ ಗೆಲ್ಲುತ್ತಾನೆಂಬ ಖಾತ್ರಿ ಎಲ್ಲಿಯೂ ಯಾರೂ ಕೊಡುವುದಿಲ್ಲ.

ಈ ಜಿಲ್ಲೆಯವರು ಹೊರಗೆ ಹೋಗಿ ಓಡಿದ್ದು ಇಂದು ನಿನ್ನೆಯಲ್ಲ. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಬೆರಳೆಣಿಕೆಯ ಆಟಗಾರರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ಅಲ್ಲಿಂದ ಒಂದು ಶತಮಾನ ಹತ್ತಿರ ಬಂದಾಗ, 2018ರಲ್ಲಿ, ಬೆಳಗಾವಿ ಹತ್ತಿರದ ತುರಮುರಿಯ ರೈತರ ಮಗಳು ಮಲಪ್ರಭಾ ಜಾಧವ ಜಕಾರ್ತಾದ ಏಷ್ಯನ್ ಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ತಂದರು. ಇಬ್ಬರ ನಡುವೆ ಹೆಸರುಗಳೇ ಇಲ್ಲವೆಂದಲ್ಲ. ನಲವತ್ತು ಗ್ರೆನಡಾಗಳಷ್ಟು ದೊಡ್ಡ ಜಿಲ್ಲೆಗೆ ಅವು ಕಡಿಮೆಯೇ.

ಕಿರಾನಿ 2016ರಲ್ಲಿ ರಿಯೋದಲ್ಲಿ ಬೆಳ್ಳಿ ಗೆದ್ದ ಮೇಲೆ ಥೈರಾಯ್ಡ್ ಗ್ರಂಥಿಯ ಕಾಯಿಲೆಯಿಂದ ಬಹಳ ಕಾಲ ಓಟದಿಂದ ದೂರ ಉಳಿಯಬೇಕಾಯಿತು. ಮರಳಿ ಬಂದು 2021ರಲ್ಲಿ ಟೋಕಿಯೋದಲ್ಲಿ ಕಂಚು ಗೆದ್ದ. ಹೀಗೆ ಒಲಿಂಪಿಕ್ಸ್‌ನ 400 ಮೀ.ನಲ್ಲಿ ಮೂರು ಪದಕ ಗೆದ್ದ ಮೊದಲ ಪುರುಷನಾದ. ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಮತ್ತೆ ಕಟ್ಟಿದ ಓಟದ ಕ್ರೀಡಾಂಗಣಕ್ಕೆ ಈಗ ಅವನದೇ ಹೆಸರು.

ಅವನ ಹಿಂದೆ ಬಂದ ಇನ್ನೊಬ್ಬನ ಹೆಸರು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. 2016ರಲ್ಲಿ ಪೋಲೆಂಡಿನ ಬಿದ್ಗೋಶ್ಚ್‌ನಲ್ಲಿ ಇಪ್ಪತ್ತರೊಳಗಿನವರ ವಿಶ್ವ ಕೂಟದಲ್ಲಿ ನೀರಜ್ ಚೋಪ್ರಾ 86.48 ಮೀ. ಭರ್ಚಿ ಎಸೆದು ಚಿನ್ನ ಗೆದ್ದಾಗ, ಕಂಚಿನ ಮೆಟ್ಟಿಲ ಮೇಲೆ ನಿಂತಿದ್ದವನು ಗ್ರೆನಡಾದ ಆಂಡರ್ಸನ್ ಪೀಟರ್ಸ್. 2022ರಲ್ಲಿ ಹಿರಿಯರ ವಿಶ್ವ ಕೂಟದಲ್ಲಿ ಮೆಟ್ಟಿಲು ಅದಲುಬದಲಾಯಿತು: ಪೀಟರ್ಸ್‌ಗೆ ಚಿನ್ನ, ನೀರಜ್‌ಗೆ ಬೆಳ್ಳಿ. 2024ರ ಜುಲೈ 1ರಂದು ‘ಬೆರಿಲ್’ ಚಂಡಮಾರುತ ಕರಿಯಾಕು, ಪೆಟೀಟ್ ಮಾರ್ಟಿನೀಕ್ ದ್ವೀಪಗಳಲ್ಲಿ ಸೂರುಗಳನ್ನೇ ಉಳಿಸಲಿಲ್ಲ. ಮರುತಿಂಗಳು ಪ್ಯಾರಿಸ್‌ನಲ್ಲಿ ಪೀಟರ್ಸ್ ಭರ್ಚಿಯಲ್ಲಿ, ಲಿಂಡನ್ ವಿಕ್ಟರ್ ಡೆಕಾಥ್ಲಾನ್‌ನಲ್ಲಿ ಒಂದೊಂದು ಕಂಚು ಗೆದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಗ್ರೆನಡಾಗೆ ಎರಡು ಪದಕ ಬಂದದ್ದು ಅದೇ ಮೊದಲು.

ಪುಣೆಯ ನಂತರ ಕಾಮನ್‌ವೆಲ್ತ್ ಯುವ ಕೂಟ ನಾಲ್ಕು ಸಲ ನಡೆದಿದೆ: 2011ರಲ್ಲಿ ಐಲ್ ಆಫ್ ಮ್ಯಾನ್, 2015ರಲ್ಲಿ ಸಮೋವಾ, 2017ರಲ್ಲಿ ಬಹಾಮಾಸ್, 2023ರಲ್ಲಿ ಟ್ರಿನಿಡಾಡ್–ಟೊಬ್ಯಾಗೊ. ನಾಲ್ಕೂ ದ್ವೀಪಗಳೇ. ದೊಡ್ಡವರ ಕೂಟ ನಡೆಸಲು ಸಾವಿರಾರು ಕೋಟಿ ಬೇಕು. ಮಕ್ಕಳ ಕೂಟವಾದರೆ ಸಣ್ಣ ನಾಡಿಗೂ ಎಟುಕುತ್ತದೆ.

ನಾಗನೂರ ಸೀಮೆಯಲ್ಲಿ ವಲಯ ಮಟ್ಟದ ಕ್ರೀಡಾಕೂಟಗಳು ನಡೆಯುವುದು ಹೆಚ್ಚಾಗಿ ಮಳೆಗಾಲದಲ್ಲಿ. 400 ಮೀಟರಿನ ಹಾದಿಗೆ ಸಾಲುವಷ್ಟು ಅಂಗಳ ಎಲ್ಲ ಶಾಲೆಗಳಿಗೂ ಇಲ್ಲ; ಇನ್ನೂರರ ಸುತ್ತನ್ನೇ ಎರಡು ಸಲ ಓಡಿಸುತ್ತಾರೆ. ಬೆಳಿಗ್ಗೆ ಎಳೆದ ಸುಣ್ಣದ ಗೆರೆಗಳನ್ನು ಒಂದು ಜಿಟಿ ಮಳೆ ಅಳಿಸಿ ಹಾಕುತ್ತದೆ. ಬರಿಗಾಲಿನ ಹುಡುಗರು ಮಾಳಿಗೆಯಡಿ ನಿಂತು ಕಾಯುತ್ತಾರೆ. ಮಳೆ ನಿಂತೊಡನೆ ದೈಹಿಕ ಶಿಕ್ಷಕರು ಪ್ಯಾಂಟು ಮೊಣಕಾಲವರೆಗೆ ಮಡಚಿ, ಸುಣ್ಣದ ಬುಟ್ಟಿ ಹಿಡಿದು ಮತ್ತೆ ಅಂಗಳಕ್ಕೆ ಇಳಿಯುತ್ತಾರೆ.